ನೂರರ ಬಿಲ್ಲೆ

6 ಅಕ್ಟೋಬರ್ 2008, ಸೋಮವಾರ

ಪುಣೆಯಿಂದ ಒಬ್ಬ ತರಬೇತುದಾರ ಬಂದಿದ್ದ. ಕ್ಯಾಂಟೀನಿನ ಮೇಜುಗಳನ್ನು ಸರಿಸಿ, ನಮ್ಮನ್ನೆಲ್ಲ ಕೂರಿಸಿ, ಕೆಟ್ಟ ಕಾಲದಲ್ಲೂ ಕೆಲಸದಲ್ಲಿ ಉಲ್ಲಾಸ ಉಳಿಸಿಕೊಳ್ಳುವುದು ಹೇಗೆ ಎಂದು ಊಟದ ಹೊತ್ತು ಮೀರುವ ತನಕ ಹೇಳಿದ. ಅಮೆರಿಕದಲ್ಲಿ ಬ್ಯಾಂಕು ಮುಳುಗಿದರೆ ಔರಂಗಾಬಾದಿನ ವಾಳೂಜಿನಲ್ಲಿ ತಗಡು ಒತ್ತುವ ನಮ್ಮ ಪ್ರೆಸ್ಸುಗಳು ನಿಲ್ಲುವುದೇಕೆ ಎಂಬುದನ್ನು ಮಾತ್ರ ಹೇಳಲಿಲ್ಲ. ಗಾಡಿಗಳು ಮಾರಾಟವಾಗುತ್ತಿಲ್ಲ, ಗಾಡಿಯ ಭಾಗ ಮಾಡುವ ನಮಗೆ ಆರ್ಡರ್ ಇಲ್ಲ. ಅವನಿಗೆ ಆರ್ಡರ್ ಬೇಕಾದಷ್ಟು ಇರಬೇಕು, ಮುಖದ ಕಳೆ ಹಾಗಿತ್ತು. ಕೊನೆಗೆ ಎಲ್ಲರಿಗೂ ಒಂದೊಂದು ಡೈರಿ ಹಂಚಿ, ದಿನಕ್ಕೆ ಒಂದು ಉಪಕಾರವನ್ನಾದರೂ ಸ್ಮರಿಸಿ ಬರೆಯಿರಿ ಎಂದ.

ಡೈರಿಯ ಕಾಗದ ಚೆನ್ನಾಗಿದೆ. ಹಾಳುಮಾಡುವುದೇಕೆ ಎಂದು ಬರೆಯುತ್ತಿದ್ದೇನೆ.

ಎಲ್ಲ ವಿಭಾಗಗಳಲ್ಲೂ ಗುಸುಗುಸು ಶುರುವಾಗಿದೆ. ನನ್ನ ಗೇಜ್ ರೂಮಿನ ಬಗ್ಗೆಯೂ ಮಾತು ಹಬ್ಬಿದೆ. ಕಂಪನಿಗೆ ನಾಸಿಕದಲ್ಲಿ ಇನ್ನೊಂದು ಕಾರ್ಖಾನೆ ಇದೆ, ಅಲ್ಲೂ ಒಂದು ಗೇಜ್ ರೂಮ್ ಇದೆ, ಎರಡೇಕೆ ಎಂದು ಮೇಲಿನವರು ಕೇಳುತ್ತಿದ್ದಾರಂತೆ. ಇಡೀ ಕಾರ್ಖಾನೆಯ ಅಳತೆಗೆ ತಾಯಿ ಅಳತೆ ಇರುವುದು ನನ್ನ ಕೋಣೆಯಲ್ಲಿ. ಮರದ ಪೆಟ್ಟಿಗೆಯಲ್ಲಿ ಮಲಗಿರುವ ಉಕ್ಕಿನ ಸ್ಲಿಪ್ ಗೇಜುಗಳು. ಸಣ್ಣವು ಬಿಲ್ಲೆಯ ಹಾಗೆ, ದೊಡ್ಡವು ಉದ್ದನೆಯ ಬಿಸ್ಕೀಟಿನ ಹಾಗೆ. ನಾನು ಎಲ್ಲಕ್ಕೂ ಬಿಲ್ಲೆ ಎನ್ನುತ್ತೇನೆ. ಬೆರಳಿನ ಬೆವರು ತಾಗಿದರೂ ಅವಕ್ಕೆ ತುಕ್ಕು. ಅದಕ್ಕೇ ನನ್ನ ಕೋಣೆಗೆ ಕುಂಕುಮ, ವಿಭೂತಿ, ಪೌಡರು ಹಚ್ಚಿಕೊಂಡು ಯಾರೂ ಬರುವಂತಿಲ್ಲ. ನಾನೇ ಬಾಗಿಲಲ್ಲಿ ಕುಂಕುಮ ಒರೆಸಿಕೊಂಡು ಟಿಕಳಿ ಅಂಟಿಸಿಕೊಳ್ಳುತ್ತೇನೆ. ಈ ನಿಯಮವನ್ನು ಹೇಳಿಸಿಕೊಳ್ಳದೆ ಪಾಲಿಸುವವಳು ಕಸ ಹೊಡೆಯುವ ಸಾವಿತ್ರಿಬಾಯಿ ಒಬ್ಬಳೇ. ಅವಳ ಹಣೆ ಯಾವಾಗಲೂ ಖಾಲಿ. ಒಮ್ಮೆ ಎಲ್ಲರೆದುರು "ಇವಳನ್ನು ನೋಡಿ ಕಲಿಯಿರಿ" ಎಂದು ಹೊಗಳಿದ್ದೆ. ಗುತ್ತಿಗೆಯವಳು, ಇದೇ ಔರಂಗಾಬಾದ್ ಜಿಲ್ಲೆಯ ಕನ್ನಡ ಎಂಬ ಹೆಸರಿನ ತಾಲೂಕಿನವಳು. ಕನ್ನಡದವಳಾದರೂ ಕನ್ನಡ ಬಾರದು ಎಂದು ನಮ್ಮವರು ಅವಳನ್ನು ರೇಗಿಸುತ್ತಾರೆ.

ಇವತ್ತಿನ ಉಪಕಾರ: ಕ್ಯಾಂಟೀನಿನ ದಾಲಿನಲ್ಲಿ ಬೇಳೆ ಸಿಕ್ಕಿತು. ಬೇಳೆಗೆ ವಂದನೆ.

8 ಅಕ್ಟೋಬರ್, ಬುಧವಾರ

ಖಂಡೇನವಮಿ. ಆರ್ಡರ್ ಇಲ್ಲದಿದ್ದರೂ ಪೂಜೆ ಜೋರಾಗಿತ್ತು. ನಿಂತ ಪ್ರೆಸ್ಸುಗಳಿಗೆಲ್ಲ ಚೆಂಡು ಹೂವಿನ ಮಾಲೆ, ಕುಂಕುಮ, ನಿಂಬೆಹಣ್ಣು. ಮಗಳು ರುಚಿತಾಳ ಶಾಲೆ ಬೇಗ ಬಿಡುವುದಿತ್ತು, ಹಾಗಾಗಿ ನಾನು ಪೇಢೆ ತೆಗೆದುಕೊಂಡು ಮಧ್ಯಾಹ್ನವೇ ಹೊರಟೆ. ಕೋಣೆ ಗುಡಿಸಿ ಬೀಗ ಹಾಕಲು ಸಾವಿತ್ರಿಬಾಯಿಗೆ ಕೀಲಿ ಕೊಟ್ಟೆ. ನಾಳೆಯಿಂದ ಭಾನುವಾರದ ತನಕ ಕಾರ್ಖಾನೆ ಬಂದ್. ಹಬ್ಬದ ರಜೆ ಎನ್ನುತ್ತಾರೆ, ಎಲ್ಲರಿಗೂ ಗೊತ್ತು ಹಬ್ಬ ಇಷ್ಟು ಉದ್ದ ಇಲ್ಲವೆಂದು.

ಇವತ್ತಿನ ಉಪಕಾರ: ಪೇಢೆ ತಾಜಾ ಇತ್ತು.

13 ಅಕ್ಟೋಬರ್, ಸೋಮವಾರ

ರಜೆ ಮುಗಿಸಿ ಕೋಣೆಯ ಬೀಗ ತೆಗೆದೆ.

ಪೆಟ್ಟಿಗೆ ತೆಗೆದೆ. ಎಲ್ಲಕ್ಕಿಂತ ದೊಡ್ಡದು, ನೂರು ಮಿಲಿಮೀಟರಿನ ಬಿಲ್ಲೆ. ಅದರ ನೆತ್ತಿಯ ಮೇಲೆ, ಅಳತೆ ಹಿಡಿಯುವ ಮುಖದ ನಟ್ಟನಡುವೆ, ಒಣಗಿದ ಕುಂಕುಮ. ಒರೆಸಿದರೆ ಕೆಳಗೆ ಕಂದು ಬಣ್ಣದ ತುಕ್ಕು, ಉಕ್ಕಿನೊಳಗೆ ಹಲ್ಲು ಊರಿ ಕೂತಿದೆ. ಕನ್ನಡಿಯಂತಿದ್ದ ಮುಖ ಅದು.

ಸಾವಿತ್ರಿಬಾಯಿ ಮುಚ್ಚಿಡಲೂ ಇಲ್ಲ. ಹೆಮ್ಮೆಯಿಂದಲೇ ಹೇಳಿದಳು. ಅವಳ ಮರಾಠಿಯನ್ನು ನಮ್ಮ ಕಡೆಯ ಮಾತಿಗೆ ಇಳಿಸಿ ಬರೆಯುತ್ತೇನೆ.

"ಪೂಜಾ ನಾನ ಮಾಡಿದ್ದು ಮ್ಯಾಡಮ್. ಎಲ್ಲಾ ಮಷೀನಿಗೆ ಕುಂಕೂ ಆಗಿತ್ತು, ನಮ್ಮ ಖೋಲಿ ಅಷ್ಟ ಉಳದಿತ್ತು. ಮ್ಯಾಲೆ ಜಿಡ್ಡು ಇತ್ತಲ್ಲ, ಜಿಡ್ಡಿನ ಮ್ಯಾಲೆ ಕುಂಕೂ ನಿಂದರೂದಿಲ್ಲ. ಅದಕ್ಕ ಚೊಲೋತ್ನಂಗ ಒರಸಿ, ನೀರಾಗ ಕಲಸಿ ಹಚ್ಚೀನಿ. ದೊಡ್ಡಾವಗ ಹಚ್ಚಿದ್ರ ಎಲ್ಲಾರಿಗೂ ಮುಟ್ಟತೈತಿ ಅಂತ ಒಂದಕ್ಕ ಹಚ್ಚೀನಿ."

ತುಕ್ಕು ಹಿಡಿಯದಿರಲೆಂದು ನಾನು ಸವರಿದ ಜೆಲ್ಲಿಯನ್ನು ಒರೆಸಿ ತೆಗೆದು, ನೀರು ಕಲಸಿ ಹಚ್ಚಿದ್ದಾಳೆ! ಮೈಯೆಲ್ಲ ಉರಿಯಿತು. ಬಾಯಿಗೆ ಬಂದಂತೆ ಬೈದೆ. ಅವಳು ಹೊರಗೆ ಹೋಗಿ ಗೋಡೆಗೆ ಆತು ನಿಂತಳು. ಹೊಸ ಬಿಲ್ಲೆ ಕೊಳ್ಳಲು ಈಗ ಯಾರು ಒಪ್ಪುತ್ತಾರೆ? ಗೇಜ್ ರೂಮ್ ನಾಸಿಕಕ್ಕೆ ಕಳಿಸಲು ಕಾರಣ ಹುಡುಕುತ್ತಿದ್ದವರ ಕೈಗೆ ಕಾರಣ ತಾನಾಗಿ ಹೋಗಿ ಕೂತಿತು. ಕ್ವಾಲಿಟಿ ವಿಭಾಗದ ಮುಖ್ಯಸ್ಥರಾದ ಚಿದಂಬರ ಸಾಹೇಬರು ಇವತ್ತು ರಜೆ. ನಾಳೆ ಬಂದ ಕೂಡಲೇ ಹೇಳಿಬಿಡುತ್ತೇನೆ. ಅವಳು ನನ್ನ ಕೋಣೆಯಲ್ಲಿ ಬೇಡ.

ಉಪಕಾರ ಗಿಪಕಾರ ಏನೂ ಇಲ್ಲ.

14 ಅಕ್ಟೋಬರ್, ಮಂಗಳವಾರ

ನನ್ನ ನಾಲಿಗೆಗೆ ಏನಾಯಿತೋ ಗೊತ್ತಿಲ್ಲ.

ಬಿಲ್ಲೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಸಾಹೇಬರ ಕ್ಯಾಬಿನ್ನಿಗೆ ಹೋದೆ. ಚಿದಂಬರ ಸಾಹೇಬರು ಧಾರವಾಡದವರು. ಮೊದಲು ನಾಸಿಕದ ಕಾರ್ಖಾನೆಯಲ್ಲಿದ್ದು ಇಲ್ಲಿಗೆ ಬಂದವರು. ನನ್ನ ಜೊತೆ ಮಾತ್ರ ಕನ್ನಡ ಮಾತಾಡುತ್ತಾರೆ, ಬೈಯುವಾಗ ಮಾತ್ರ ಇಂಗ್ಲಿಷು. ನಾನು ಬಾಯಿ ತೆಗೆಯುವ ಮೊದಲೇ ಅವರೇ ಅಂದರು:

"ಬರ್ರಿ ಮೃದುಲಾ. ಗುತ್ತಿಗಿ ಮಂದಿಯೊಳಗ ಯಾರನ್ನ ತಗೀಬೇಕು ಅಂತ ಎಲ್ಲಾ ವಿಭಾಗದವರನ್ನೂ ಕೇಳಾಕತ್ತೇನಿ. ನಿಮ್ಮ ಖೋಲಿಯೊಳಗ ಒಬ್ಬಾಕಿ ಇದ್ದಾಳಲ್ಲ, ಹೆಂಗ ಆಕಿ?"

ಒಂದು ಮಾತು ಸಾಕಿತ್ತು. ಅದು ನಾಲಿಗೆಯ ತುದಿಗೆ ಬಂದೂ ಇತ್ತು. ನಾನು ಬಟ್ಟೆ ಬಿಚ್ಚಿ ಬಿಲ್ಲೆ ತೋರಿಸಿ, "ರಜಾದಾಗ ಏಸಿ ಬಂದ್ ಇತ್ತಲ್ರಿ, ತೇವಕ್ಕ ತುಕ್ಕು ಬಂದದ. ನಾನು ನೋಡಿಕೋಬೇಕಿತ್ತು" ಅಂದುಬಿಟ್ಟೆ. ಅವರು ಬಿಲ್ಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಸದು ಸಿಗೂದಿಲ್ಲ ಅಂದರು ಅಷ್ಟೇ.

ಮನೆಗೆ ಬಂದು ಇವರಿಗೆ ಹೇಳಿದೆ. ಇವರೋ, ಬಿಂದುಮಾಧವ ಎಂಬ ದೊಡ್ಡ ಹೆಸರಿನ ಬ್ಯಾಂಕ್ ನೌಕರರು, ಚಹಾ ಕುಡಿಯುತ್ತಾ ನಕ್ಕರು. "ಹತ್ತು ವರ್ಷದಾಗ ನನ್ನ ಒಂದು ತಪ್ಪೂ ನಿನ್ನ ತಲಿ ಮ್ಯಾಲೆ ಹಾಕ್ಕೊಂಡಿಲ್ಲ. ಆಕಿಗೆ ಯಾಕ ಇಷ್ಟು ಉದಾರ ಆದಿ?" ಅಂದರು. ನನಗೂ ಗೊತ್ತಿಲ್ಲ. ಬಹುಶಃ ಗೋಡೆಗೆ ಆತು ನಿಂತ ಅವಳ ಬೆನ್ನು ಕಣ್ಣಿಗೆ ಬಂದಿರಬೇಕು.

ಇವತ್ತಿನ ಉಪಕಾರ: ಸಾಹೇಬರು ಹೆಚ್ಚು ಕೇಳಲಿಲ್ಲ.

3 ನವೆಂಬರ್, ಸೋಮವಾರ

ದೀಪಾವಳಿ ಮುಗಿಯಿತು. ಇನ್ನು ವಾರಕ್ಕೆ ಮೂರೇ ದಿನ ಕೆಲಸ. ಆ ಮೂರು ದಿನವೂ ಪ್ರೆಸ್ ಶಾಪಿನಲ್ಲಿ ಪಾರಿವಾಳಗಳದೇ ಸದ್ದು. ಜನ ಗೇಟಿನ ಹತ್ತಿರ ನಿಂತು ಯಾರ ಹೆಸರು ಹೋಯಿತು, ಯಾರದು ಉಳಿಯಿತು ಎಂದು ಮಾತಾಡುತ್ತಾರೆ. ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ. ಸುಮ್ಮನೆ ಕೂರಲೂ ಆಗುವುದಿಲ್ಲ.

ಅದಕ್ಕೇ ಇವತ್ತು ಪ್ರತಿ ಲೈನಿಗೂ ಹೋಗಿ ಅಲ್ಲಿರುವ ಗೇಜುಗಳನ್ನೆಲ್ಲ ಬುಟ್ಟಿಯಲ್ಲಿ ತುಂಬಿಸಿಕೊಂಡು ಬಂದೆ. ವರ್ಷಗಟ್ಟಲೆ ಎಣ್ಣೆ, ಧೂಳು ತಿಂದವು. ಉತ್ಪಾದನೆ ನಡೆಯುವಾಗ ಇವನ್ನು ಯಾರೂ ಬಿಟ್ಟುಕೊಡುತ್ತಿರಲಿಲ್ಲ, "ನಾಳೆ ಬರ್ರಿ ಮೇಡಂ" ಎನ್ನುತ್ತಿದ್ದರು. ಈಗ ಹೊತ್ತುಕೊಂಡು ಹೋದರೂ ಕೇಳುವವರಿಲ್ಲ. ಒಂದೊಂದನ್ನೇ ತೊಳೆದು, ಅಳೆದು, ಸವೆದದ್ದನ್ನು ಬೇರೆ ಇಟ್ಟು, ಉಳಿದದ್ದಕ್ಕೆ ಎಣ್ಣೆ ಸವರಿ ಕಾಗದದಲ್ಲಿ ಸುತ್ತಿಡಬೇಕು.

ಒಬ್ಬಳಿಂದ ಆಗುವ ಕೆಲಸವಲ್ಲ. ಸಾವಿತ್ರಿಬಾಯಿ ಬಾಗಿಲಾಚೆಯೇ ನಿಂತಿದ್ದಳು. ಬೈದ ದಿನದಿಂದ ಒಳಗೆ ಕಾಲಿಟ್ಟಿಲ್ಲ, ಹೊರಗಿನಿಂದಲೇ ಕಸಬರಿಗೆ ಚಾಚಿ ಗುಡಿಸುತ್ತಾಳೆ. ಕರೆದೆ. ಬಿಳಿ ಪೆಟ್ರೋಲಿನಲ್ಲಿ ತೊಳೆಯುವುದು, ಮೆತ್ತನೆಯ ಚರ್ಮದಿಂದ ಒಂದೇ ದಿಕ್ಕಿಗೆ ಒರೆಸುವುದು ತೋರಿಸಿದೆ. ಜಿಡ್ಡು ಯಾಕೆ ಬೇಕು ಎಂದೂ ಹೇಳಿದೆ. "ಅಂದ್ರ ಇವಕ್ಕ ಜಿಡ್ಡು ಅಂದ್ರ ಹೊದಿಕಿ ಇದ್ದಂಗ," ಅಂದಳು. ಹೌದು ಅಂದೆ. "ಮತ್ತ ನಾನು ಥಂಡ್ಯಾಗ ಹೊದಿಕಿ ಕಸಗೊಂಡೆನಲ್ಲ" ಎಂದು ಕೈ ಬಾಯಿಗೆ ಇಟ್ಟುಕೊಂಡಳು.

ಆಮೇಲೆ ಸ್ಲಿಪ್ ಗೇಜಿನ ಜಾದೂ ತೋರಿಸಿದೆ. ಎರಡು ಬಿಲ್ಲೆಗಳನ್ನು ಸ್ವಚ್ಛವಾಗಿ ಒರೆಸಿ, ಒಂದರ ಮೇಲೊಂದು ಒತ್ತಿ ಜಾರಿಸಿದರೆ ಅಂಟಿಕೊಳ್ಳುತ್ತವೆ. ಗೋಂದಿಲ್ಲ, ಅಯಸ್ಕಾಂತವಿಲ್ಲ. ತಲೆಕೆಳಗೆ ಹಿಡಿದರೂ ಬೀಳುವುದಿಲ್ಲ. ಅರವತ್ತಕ್ಕೆ ನಲವತ್ತು ಹೀಗೆ ಅಂಟಿಸಿದರೆ ನೂರು. ಅವಳು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು.

ಇವತ್ತಿನ ಉಪಕಾರ: ಬುಟ್ಟಿ ಗಟ್ಟಿಯಾಗಿತ್ತು.

21 ನವೆಂಬರ್, ಶುಕ್ರವಾರ

ಅರವತ್ತು ನಲವತ್ತು ಕೂಡಿಸಿ ಕೆಲಸ ನಡೆಸುತ್ತೇನೆ ಎಂದು ಸಾಹೇಬರಿಗೆ ಹೇಳಿದೆ. "ಬಾಯಿಲೆ ಹೇಳಿದ್ರ ಮ್ಯಾಲಿನವರು ಕೇಳೂದಿಲ್ರಿ. ನಾಸಿಕಕ್ಕ ಒಯ್ದು ಅಲ್ಲಿ ನೂರರ ಜೋಡಿ ಹೋಲಿಸಿ ತೋರಿಸ್ರಿ. ಹೊಂದಿದ್ರ ಖೋಲಿ ಇಲ್ಲೇ ಇರತದ. ಹೊಂದಲಿಲ್ಲಂದ್ರ ಪೆಟಗಿ ಅಲ್ಲೇ ಬಿಟ್ಟು ಬರ್ರಿ" ಅಂದರು. ಪೆಟ್ಟಿಗೆ ಅಲ್ಲೇ ಉಳಿದರೆ ನಮಗಿಬ್ಬರಿಗೂ ಇಲ್ಲಿ ಏನು ಕೆಲಸ?

ರುಚಿತಾ ನನ್ನ ಮುಖ ನೋಡಿ "ಆಯೀ, ಕಾಯ್ ಝಾಲಂ?" ಅಂದಳು. ಏನೂ ಆಗಿಲ್ಲ ಪುಟ್ಟಿ ಅಂದೆ. ನಾನು ಕನ್ನಡದಲ್ಲಿ ಹೇಳುವುದು, ಅವಳು ಮರಾಠಿಯಲ್ಲಿ ಕೇಳುವುದು. ಮನೆಯಲ್ಲಿ ಎರಡೂ ಒಂದಕ್ಕೊಂದು ಅಂಟಿಕೊಂಡಿವೆ.

10 ಡಿಸೆಂಬರ್, ಬುಧವಾರ

ಈಗಷ್ಟೇ ಸಾವಿತ್ರಿಬಾಯಿ ಮತ್ತು ನಾನು ನಾಸಿಕದಿಂದ ಬಂದೆವು. ಕಾಲು ಬಾತಿವೆ, ಆದರೆ ಬರೆಯದೆ ಮಲಗಲಾರೆ.

ಬೆಳಿಗ್ಗೆಯ ಎಸ್‌ಟಿ ಬಸ್ಸು. ಕಂಪನಿಯ ಗಾಡಿ ಈಗ ಯಾರಿಗೂ ಇಲ್ಲ. ರಸ್ತೆಯ ಕುಲುಕಾಟಕ್ಕೆ ಪೆಟ್ಟಿಗೆಯನ್ನು ಕೆಳಗೆ ಇಡುವಂತಿಲ್ಲ, ಮೇಲೆ ಇಡುವಂತಿಲ್ಲ. ಶಾಲಿನಲ್ಲಿ ಸುತ್ತಿ ಸರದಿಯಂತೆ ತೊಡೆಯ ಮೇಲೆ ಹಿಡಿದುಕೊಂಡು ಕೂತೆವು. ವೈಜಾಪುರದ ಹತ್ತಿರ ಕಂಡಕ್ಟರ್ "ಮಾವಶಿ, ಪೆಟಗಿ ಮ್ಯಾಲಿಡ್ರಿ, ಮಂದಿ ನಿಂತಾರ" ಎಂದ. ಸಾವಿತ್ರಿಬಾಯಿ ಶಾಲು ಇನ್ನಷ್ಟು ಬಿಗಿಯಾಗಿ ಹಿಡಿದು "ಒಳಗ ದೇವರದಾವ" ಅಂದಳು. ಅವನು ಕೈಮುಗಿದು ಮುಂದೆ ಹೋದ. ನನಗೆ ನಗು ತಡೆಯಲಾಗಲಿಲ್ಲ. ಅವಳು ನಗಲಿಲ್ಲ. ಅವಳು ಸುಳ್ಳು ಹೇಳಿರಲಿಲ್ಲ.

ಯೇವಲೆ ದಾಟಿದ ಮೇಲೆ ನಾನಾಗಿಯೇ ಕೇಳಿದೆ, ಅವತ್ತು ಬೇರೆ ಯಾರನ್ನಾದರೂ ಕರೆದು ಪೂಜೆ ಮಾಡಿಸಬಹುದಿತ್ತಲ್ಲ ಎಂದು. ಅವಳು ಕಿಟಕಿಯ ಹೊರಗೆ ಈರುಳ್ಳಿಯ ಹೊಲ ನೋಡುತ್ತಾ ಹೇಳಿದಳು:

"ನನ್ನ ಗಂಡ ತೀರಿದಾಗ ಮಗಳು ಹೊಟ್ಟ್ಯಾಗಿದ್ಲು ಮ್ಯಾಡಮ್. ತಮ್ಮನ ಮನ್ಯಾಗ ಇರತೀನಿ. ತಮ್ಮನ ಹೇಣ್ತಿ ಚೊಲೋ ಹೆಣಮಗಳು, ಉಣ್ಣಾಕ ತಿನ್ನಾಕ ಕಡಿಮಿ ಮಾಡಿಲ್ಲ. ಹಬ್ಬದ ದಿನ ಮಾತ್ರ ಕುಂಕೂ ತಾಟು ಎತ್ತಿ ಮ್ಯಾಲಿಡತಾಳ. ನನ್ನ ಕೈ ಹತ್ತಬಾರದಂತ. ಅವತ್ತ ಕಂಪನ್ಯಾಗ ತಾಟು ಹಂಗ ಬಿಟ್ಟು ಎಲ್ಲಾರೂ ಪೇಢೆ ತಿನ್ನಾಕ ಹೋಗಿದ್ರು. ಯಾರೂ ಬ್ಯಾಡ ಅನ್ನವರು ಇರಲಿಲ್ಲ. ಭಾಳ ವರ್ಷ ಆಗಿತ್ತು, ಬೆರಳಿಗೆ ಕುಂಕೂ ಹತ್ತಿ."

ಅವಳ ಖಾಲಿ ಹಣೆಯನ್ನು ನನ್ನ ನಿಯಮಕ್ಕೆ ಕೊಟ್ಟ ಮರ್ಯಾದೆ ಎಂದುಕೊಂಡಿದ್ದೆ. ಅದನ್ನೇ ಎಲ್ಲರೆದುರು ಹೊಗಳಿದ್ದೆ! ಅವಳು ಆಗಲೂ ಸುಮ್ಮನೆ ತಲೆ ತಗ್ಗಿಸಿ ನಿಂತಿದ್ದಳು. ನೆನೆದು ಕಣ್ಣು ತುಂಬಿ ಬಂತು. ಅವಳ ಸರದಿ ಮುಗಿಯುವ ಮೊದಲೇ ಪೆಟ್ಟಿಗೆಯನ್ನು ನನ್ನ ತೊಡೆಗೆ ತೆಗೆದುಕೊಂಡೆ.

ನಾಸಿಕದ ಸಾತಪುರದಲ್ಲಿರುವ ಕಾರ್ಖಾನೆಯಲ್ಲಿ ನಮ್ಮನ್ನು ಯಾರೂ ಅಷ್ಟೇನೂ ಆದರಿಸಲಿಲ್ಲ. ಅವರಿಗೂ ಅವರ ಭಯ. ಎರಡು ಗೇಜ್ ರೂಮುಗಳಲ್ಲಿ ಒಂದು ಉಳಿಯುವುದಾದರೆ ತಮ್ಮದೇ ಉಳಿಯಲಿ ಎಂದು ಅವರೂ ಬಯಸುತ್ತಾರೆ, ತಪ್ಪೇನಿದೆ? ಆದರೂ ಅಲ್ಲಿನ ರಘುನಂದನ ಎಂಬ ಬೆಳಗಾವಿಯ ಹುಡುಗ ಅಳತೆ ಹೋಲಿಸುವ ಯಂತ್ರ ಬಿಟ್ಟುಕೊಟ್ಟು, ನಮಗೆ ಚಹಾ ತರಿಸಿದ. ಬಿಲ್ಲೆಗಳನ್ನು ಒರೆಸಿದ್ದು ಸಾವಿತ್ರಿಬಾಯಿ. ಉಸಿರು ಬಿಗಿಹಿಡಿದು, ಒಂದೇ ದಿಕ್ಕಿಗೆ. ನಾನು ಅರವತ್ತಕ್ಕೆ ನಲವತ್ತು ಅಂಟಿಸಿ, ಅವರ ನೂರರ ಪಕ್ಕದಲ್ಲಿ ಇಟ್ಟೆ. ರಘುನಂದನ ಮುಳ್ಳನ್ನು ಅವರದರ ಮೇಲೆ ಸೊನ್ನೆಗೆ ತಂದು ನಮ್ಮದರ ಮೇಲೆ ಸರಿಸಿದ.

ಮುಳ್ಳು ಅಲುಗಲಿಲ್ಲ.

ಇನ್ನೊಮ್ಮೆ ನೋಡಿದ. ಅಲುಗಲಿಲ್ಲ. "ಭಾರಿ ಕೂಡಿಸೀರಿ ಬಿಡ್ರಿ ಅಕ್ಕಾರ" ಅಂದ. ತಾನು ಸೋತಂತೆ ಅನ್ನಿಸಿದರೂ ಮನಸ್ಸು ಬಿಚ್ಚಿ ಹೇಳಿದ. ಆ ಹುಡುಗನ ಒಳ್ಳೆಯತನ ಮರೆಯಬಾರದು. ಬರುವಾಗ ರುಚಿತಾಗೆ ಚಿವಡಾ ತೆಗೆದುಕೊಂಡೆ, ಸಾವಿತ್ರಿಬಾಯಿಯ ಮಗಳಿಗೂ ಒಂದು ಪೊಟ್ಟಣ. ಬಸ್ಸಿನಲ್ಲಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ಎಬ್ಬಿಸಲು ಮನಸ್ಸಾಗಲಿಲ್ಲ.

14 ಜನವರಿ 2009, ಬುಧವಾರ

ಸಂಕ್ರಾಂತಿ. ಸಂಜೆ ಕಾಲೊನಿಯ ಹೆಂಗಸರಿಗೆ ಅರಿಸಿನ ಕುಂಕುಮಕ್ಕೆ ಹೇಳಿದ್ದೆ. ಸಾವಿತ್ರಿಬಾಯಿಯನ್ನೂ ಕರೆದಿದ್ದೆ. "ಬರತೀನಿ" ಅಂದವಳು ಬರಲಿಲ್ಲ. ಬಾರದಿದ್ದಕ್ಕೆ ಸಿಟ್ಟೂ ಬಂತು, ಯಾಕೆ ಬರಲಿಲ್ಲ ಎಂದೂ ಗೊತ್ತಿತ್ತು. ಬಂದವರೆಲ್ಲ ಹೋದ ಮೇಲೆ ತಾಟನ್ನು ನೋಡುತ್ತಾ ಕೂತೆ. ನಮ್ಮಲ್ಲಿ ಇದನ್ನು ಯಾವಾಗಲೂ ಹೀಗೇ ಮಾಡುತ್ತೇವೆ, ಇಷ್ಟು ದಿನ ನನಗೆ ಏನೂ ಅನ್ನಿಸಿರಲಿಲ್ಲ.

ನಾಳೆ ಅವಳಿಗೆ ಎಳ್ಳುಂಡೆ ಒಯ್ಯಬೇಕು.

19 ಜನವರಿ, ಸೋಮವಾರ

ಸಾಹೇಬರು ಕರೆಸಿದ್ದರು. ಕೂತುಕೊಳ್ಳಿ ಎಂದಾಗಲೇ ಗೊತ್ತಾಯಿತು, ಸುದ್ದಿ ಒಳ್ಳೆಯದಲ್ಲ. ಒಳ್ಳೆಯ ಸುದ್ದಿಯನ್ನು ಅವರು ನಿಲ್ಲಿಸಿಯೇ ಹೇಳುತ್ತಾರೆ.

"ನಾಸಿಕದ ಕೆಲಸ ಛಲೋ ಮಾಡಿದ್ರಿ. ಖೋಲಿ ಉಳೀತು. ಆದ್ರ ಅದ ಈಗ ಕುತ್ತಿಗಿಗೆ ಬಂದದ. ಒಂದು ಬಿಲ್ಲಿ ಇಲ್ಲದ ನಡೀತದಂದ್ರ ಒಬ್ಬ ಮನಷ್ಯಾ ಇಲ್ಲದ ನಡಿಯೂದಿಲ್ಲೇನು ಅಂತ ಮ್ಯಾಲಿನವರು ಕೇಳಾಕತ್ತಾರ. ಆ ಬಾಯಿನ್ನ ಈ ತಿಂಗಳಿಗೆ ಬಿಡಸ್ರಿ."

ನನಗೆ ಎಲ್ಲಿಂದ ಧೈರ್ಯ ಬಂತೋ. "ಸಾಹೇಬ್ರ, ನೂರರದು ಹೋದಾಗ ಅರವತ್ತು ನಲವತ್ತು ಎರಡೂ ಇದ್ದೂವು ಅಂತ ನಡೀತ್ರಿ. ಎರಡರಾಗ ಒಂದು ತಗದ್ರ ಯಾವ ನೂರೂ ಆಗೂದಿಲ್ಲ" ಅಂದೆ.

ಅವರು ಪೆನ್ನು ಕೆಳಗಿಟ್ಟರು. ನಾನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಬಾಯಿ ಬರುವುದಿಲ್ಲ ಎಂದು ಗೊತ್ತಿತ್ತು. ನಮಗೆ ಸಣ್ಣಪುಟ್ಟ ಭಾಗ ಕೊಡುವ ವರ್ಕ್‌ಶಾಪುಗಳ ಮಾಲು ಎಷ್ಟು ವಾಪಸ್ ಹೋಗುತ್ತದೆ! ಅವರ ಗೇಜಿಗೂ ನಮ್ಮ ಗೇಜಿಗೂ ತಾಳೆ ಇಲ್ಲ, ಅದೇ ಜಗಳ. ಎಂದೂ ಪುರುಸೊತ್ತು ಸಿಕ್ಕಿರಲಿಲ್ಲ, ಈಗ ಬೇಡವೆಂದರೂ ಸಿಕ್ಕಿದೆ. ಅವರ ಗೇಜುಗಳನ್ನೆಲ್ಲ ತರಿಸಿ ತೊಳೆದು, ನಮ್ಮ ತಾಯಿ ಅಳತೆಗೆ ಹೋಲಿಸಿ ಕೊಡುತ್ತೇವೆ. ಕಾಲ ಸುಧಾರಿಸಿದಾಗ ಮಾಲು ಒಂದೇ ಸಲಕ್ಕೆ ಪಾಸಾಗುತ್ತದೆ. "ಅದಕ್ಕ ಇಬ್ಬರು ಬೇಕ್ರಿ. ಒಬ್ಬರೇ ಸಾಕು ಅನ್ನೂದಾದ್ರ, ಯಾರು ಅಂತ ವಿಚಾರ ಮಾಡುವಾಗ ನನ್ನ ಹೆಸರೂ ಹಿಡೀರಿ."

ಅವರು ಪೆನ್ನು ಮತ್ತೆ ಕೈಗೆತ್ತಿಕೊಂಡು, "ಯುಗಾದಿ ತನಕ ಟೈಮ್ ಕೊಡ್ತೇನಿ. ನೋಡೋಣ" ಅಂದರು.

ಇವರಿಗೆ ಹೇಳಿದರೆ ಈ ಸಲ ನಗಲಿಲ್ಲ. "ನಿನ್ನ ಹೆಸರು ಹಿಡೀಲಿ ಅಂತ ನೀನ ಹೇಳಿದಿ?" ಎಂದು ಎರಡು ಸಲ ಕೇಳಿದರು. ಆಮೇಲೆ ಎದ್ದು ತಾವೇ ಚಹಾ ಮಾಡಿ ತಂದುಕೊಟ್ಟರು. ಸಕ್ಕರೆ ಹಾಕುವುದು ಮರೆತಿದ್ದರು. ಹೇಳದೆ ಕುಡಿದೆ.

11 ಫೆಬ್ರುವರಿ, ಬುಧವಾರ

ಬರೆಯಲು ಪುರುಸೊತ್ತೇ ಇಲ್ಲ. ಆರ್ಡರ್ ಇಲ್ಲದ ಕಾರ್ಖಾನೆಯಲ್ಲಿ ನಮ್ಮಿಬ್ಬರಿಗೆ ಮಾತ್ರ ಉಸಿರಾಡಲು ಬಿಡುವಿಲ್ಲ! ಪೈಠಣ ರಸ್ತೆಯ ವರ್ಕ್‌ಶಾಪಿನವನು ತನ್ನ ಗೇಜುಗಳನ್ನು ಗೋಣಿಚೀಲದಲ್ಲಿ ಬದನೆಕಾಯಿಯಂತೆ ತುಂಬಿ ತಂದಿದ್ದ. ಸಾವಿತ್ರಿಬಾಯಿ ಅವನಿಗೆ ಹೊದಿಕೆಯ ಪಾಠ ಹೇಳಿದಳು. ಪಾಪ, ಅವನು "ಹೋ ಮಾವಶಿ, ಹೋ ಮಾವಶಿ" ಎನ್ನುತ್ತಾ ತಲೆಯಾಡಿಸಿದ. ಮಧ್ಯಾಹ್ನ ಅವಳ ಡಬ್ಬಿಯ ಜೋಳದ ಭಾಕರಿ, ನನ್ನ ಡಬ್ಬಿಯ ಶೇಂಗಾ ಚಟ್ನಿ. ನನಗೆ ಈ ಕೋಣೆಯಲ್ಲಿ ಕೂತು ಇಷ್ಟು ನಕ್ಕ ನೆನಪಿಲ್ಲ.

27 ಮಾರ್ಚ್, ಶುಕ್ರವಾರ

ಯುಗಾದಿ, ಇಲ್ಲಿಯವರ ಗುಢಿಪಾಡವಾ. ಹಬ್ಬವೆಂದು ರಜೆ, ಆದರೆ ಬೆಳಿಗ್ಗೆ ಸಾಹೇಬರೇ ಫೋನ್ ಮಾಡಿದರು. ಶುಭಾಶಯ ಹೇಳಿ, "ನಿಮ್ಮ ಅರವತ್ತು ನಲವತ್ತು ಮುಂದುವರೀಲಿ" ಅಂದು ಇಟ್ಟುಬಿಟ್ಟರು. ನಾನು ಫೋನು ಹಿಡಿದು ಅಲ್ಲೇ ಕೂತೆ. ಬೇವುಬೆಲ್ಲದ ಬಟ್ಟಲು ಕೈಯಲ್ಲೇ ಇತ್ತು.

ಸಾವಿತ್ರಿಬಾಯಿಗೆ ಹೇಳೋಣವೆಂದರೆ ಅವಳ ಹತ್ತಿರ ಫೋನಿಲ್ಲ. ಇವರ ಸ್ಕೂಟರ್ ಮೇಲೆ ರಾಂಜಣಗಾವ್‌ಗೆ ಹೋಗಿ, ಅವಳ ತಮ್ಮನ ಮನೆ ಹುಡುಕಿ ಹೇಳಿ ಬಂದೆ. ಬಾಗಿಲಲ್ಲೇ ಅವಳು ನನ್ನ ಎರಡೂ ಕೈ ಹಿಡಿದು, "ಪೋರಿ, ಬಿಸಲಾಗ ಬಂದಿ? ನಾಳಿಗೆ ಹೇಳಿದ್ರ ಆಗತಿದ್ದಿಲ್ಲೇನು?" ಎಂದು ಬೈದಳು. ನಾಳೆಯವರೆಗೆ ಯಾರು ಕಾಯುತ್ತಾರೆ?

ಡೈರಿಯ ಹಳೆಯ ಪುಟ ತಿರುವಿದೆ. ಮೊದಮೊದಲು ದಿನವೂ ಕೊನೆಯಲ್ಲಿ ಒಂದು ಉಪಕಾರ ಬರೆಯುತ್ತಿದ್ದೆ. ಯಾವಾಗಲೋ ಬಿಟ್ಟುಹೋಗಿದೆ. ನನಗೆ ಯಾವುದರಲ್ಲೂ ಶಿಸ್ತಿಲ್ಲ.

6 ಜುಲೈ, ಸೋಮವಾರ

ಇವತ್ತು ಎರಡನೇ ಪಾಳಿಯ ಭೋಂಗಾ ಕೂಗಿತು. ಎಷ್ಟೋ ತಿಂಗಳಾದ ಮೇಲೆ. ಪ್ರೆಸ್ ಶಾಪಿನಲ್ಲಿ ಜನ ಚಪ್ಪಾಳೆ ಹೊಡೆದರು. ಪಾರಿವಾಳಗಳು ಒಮ್ಮೆಲೇ ಹಾರಿಹೋದವು. ಕೆಲಸ ಕಳೆದುಕೊಂಡು ಊರಿಗೆ ಹೋದವರಲ್ಲಿ ಕೆಲವರನ್ನು ವಾಪಸ್ ಕರೆಸಿದ್ದಾರೆ, ಎಲ್ಲರನ್ನೂ ಅಲ್ಲ. ಅವರ ನೆನಪಾಗಿ ಚಪ್ಪಾಳೆಗೆ ಕೈ ಏಳಲಿಲ್ಲ. ವರ್ಕ್‌ಶಾಪುಗಳಿಂದ ಬಂದ ಮೊದಲ ಗಾಡಿ ಮಾಲು ಮಾತ್ರ ಒಂದೂ ವಾಪಸ್ ಹೋಗದೆ ಪಾಸಾಯಿತು. ಸಾವಿತ್ರಿಬಾಯಿ ಮತ್ತು ನಾನು ಕಿಟಕಿಯಿಂದ ನೋಡಿದೆವು.

26 ಸೆಪ್ಟೆಂಬರ್ 2009, ಶನಿವಾರ

ಖಂಡೇನವಮಿ ನಾಳೆ, ಭಾನುವಾರ. ಹಾಗಾಗಿ ಕಾರ್ಖಾನೆಯಲ್ಲಿ ಇವತ್ತೇ ಪೂಜೆ ಮಾಡಿದರು.

ಓಡುವ ಪ್ರೆಸ್ಸುಗಳನ್ನು ಒಂದು ಗಂಟೆ ನಿಲ್ಲಿಸಿ ಪೂಜೆ. ಹೋದ ವರ್ಷ ನಿಂತವಕ್ಕೆ ಮಾಡಿದ್ದೆವು. ಎಲ್ಲ ಕಡೆ ಆದ ಮೇಲೆ ಚಿದಂಬರ ಸಾಹೇಬರು ಕುಂಕುಮದ ತಾಟು ಹಿಡಿದುಕೊಂಡು ನಮ್ಮ ಕೋಣೆಗೇ ಬಂದರು. ಬಾಗಿಲಲ್ಲಿ ನಿಂತು ನಿಯಮದಂತೆ ತಮ್ಮ ಹಣೆ ಒರೆಸಿಕೊಂಡರು.

"ಏನ್ರಿ ಮೃದುಲಾ, ಈ ವರ್ಷ ತೇವದ ತುಕ್ಕು ಬರೂದಿಲ್ಲ ಹೌದಲ್ಲ?" ಅಂದರು.

ನಾನು ಅವರ ಮುಖ ನೋಡಿದೆ. ಅವರೇ ಮುಂದುವರಿಸಿದರು: "ತೇವದ ತುಕ್ಕು ಅಷ್ಟು ದುಂಡಗ, ನಟ್ಟನಡುವ, ಬೆರಳಷ್ಟು ಬರೂದಿಲ್ರಿ. ತುಕ್ಕಿನ ಸಂದ್ಯಾಗ ಕುಂಕುಮ ಇನ್ನೂ ಉಳದಿತ್ತು."

"ಗೊತ್ತಿತ್ತೇನ್ರಿ? ಮತ್ತ ಯಾಕ ಸುಮ್ಮನಾದ್ರಿ?" ಎಂದು ಕೇಳಿದೆ.

"ನೀವು ಸುಳ್ಳು ಹೇಳೂದು ಅದ ಮೊದಲನೇ ಸಲ ನೋಡಿದ್ದೆ. ಏನರ ಕಾರಣ ಇರಬೇಕು ಅಂತ ಬಿಟ್ಟೆ," ಎಂದರು. ವರ್ಷವಿಡೀ ನಾನು ಸಾವಿತ್ರಿಬಾಯಿಯನ್ನು ಉಳಿಸಿಕೊಂಡೆ, ಕೋಣೆ ಉಳಿಸಿಕೊಂಡೆ ಎಂದು ಒಳಗೊಳಗೇ ಬೀಗುತ್ತಿದ್ದೆ. ನಮ್ಮಿಬ್ಬರನ್ನೂ ಉಳಿಸಿಕೊಂಡವರು ಒಬ್ಬರಿದ್ದರು. ಇಂಗ್ಲಿಷಿನಲ್ಲಿ ಬೈಯುವವರು.

ತುಕ್ಕು ಹಿಡಿದ ನೂರರ ಬಿಲ್ಲೆಯನ್ನು ನಾನು ಎಸೆದಿರಲಿಲ್ಲ. ಕಪಾಟಿನಿಂದ ತೆಗೆದು, ಕೋಣೆಯ ಹೊರಗೆ ಕಟ್ಟೆಯ ಮೇಲೆ ಹೂವಿನ ನಡುವೆ ನಿಲ್ಲಿಸಿದೆ. ಇನ್ನು ಅದು ಏನನ್ನೂ ಅಳೆಯಬೇಕಾಗಿಲ್ಲ. ಅದಕ್ಕೆ ಎಷ್ಟು ಕುಂಕುಮ ಬೇಕಾದರೂ ಹಚ್ಚಬಹುದು. ತಾಟನ್ನು ಸಾಹೇಬರ ಕೈಯಿಂದ ತೆಗೆದುಕೊಂಡು ಸಾವಿತ್ರಿಬಾಯಿಯ ಮುಂದೆ ಹಿಡಿದೆ. "ನೀವ ಹಚ್ಚಿದ ದೇವರು. ಈ ವರ್ಷನೂ ನೀವ ಹಚ್ಚ್ರಿ."

ಅವಳು ಸುತ್ತ ನೋಡಿದಳು. ಪ್ರೆಸ್ ಶಾಪಿನವರು, ಕ್ಯಾಂಟೀನಿನವರು, ಎಲ್ಲರೂ ನಿಂತಿದ್ದರು. ಈ ಸಲ ನೋಡುವವರು ಇದ್ದರು. ಮೆತ್ತನೆಯ ಚರ್ಮ ತೆಗೆದುಕೊಂಡು ಬಿಲ್ಲೆಯ ನೆತ್ತಿಯನ್ನು ಒಂದೇ ದಿಕ್ಕಿಗೆ ಒರೆಸಿ, ಕುಂಕುಮ ಕಲಸಿ, ಹಳೆಯ ತುಕ್ಕಿನ ಮೇಲೆಯೇ ಸರಿಯಾಗಿ ಇಟ್ಟಳು. ಯಾರೂ ಬೇಡ ಅನ್ನಲಿಲ್ಲ.

ತಾಟು ಹಿಂದಕ್ಕೆ ಕೊಡಲು ಬಂದಳು. ನಾನು ತೆಗೆದುಕೊಳ್ಳಲಿಲ್ಲ. ಹಣೆಯ ಟಿಕಳಿ ಕಿತ್ತು, ಬಗ್ಗಿ ನಿಂತು, "ನನಗೂ ಹಚ್ಚ್ರಿ" ಅಂದೆ.

ಅವಳ ಕೈ ಗಾಳಿಯಲ್ಲೇ ನಿಂತಿತು. "ಪೋರಿ, ಗಂಡ ಮಕ್ಕಳು ಇದ್ದಾಕಿ ನೀನು. ನನ್ನ ಕೈಲೆ ಬ್ಯಾಡ."

"ಗಂಡಗ ಕೇಳೀನಿ. ನಿಮ್ಮ ಕೈಲೆ ಹಚ್ಚಿಸಿಕೊಂಡು ಬಾ ಅಂತ ಅವರ ಹೇಳ್ಯಾರ," ಅಂದೆ. ಇದು ಸುಳ್ಳಲ್ಲ. ನಿನ್ನೆ ಕೇಳಿದಾಗ ಇವರು ಪೇಪರಿನಿಂದ ತಲೆ ಎತ್ತದೆಯೇ "ನಾಸಿಕದ ತನಕ ದೇವರನ್ನ ತೊಡಿ ಮ್ಯಾಲೆ ಒಯ್ದಾಕಿ ಆಕಿ. ಆಕಿಗಿಂತ ಛಲೋ ಕೈ ಯಾರದದ?" ಅಂದಿದ್ದರು.

ಅವಳು ಮೊದಲು ಬೆರಳನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಹಚ್ಚಿದಳು. ಕುಂಕುಮ ಮೂಗಿನ ಮೇಲೆಲ್ಲ ಉದುರಿತು. ಇಬ್ಬರೂ ಅತ್ತೆವು. ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತರು.

ರುಚಿತಾ ಮನೆಗೆ ಬಂದವಳೇ "ಆಯೀ, ಕಿತೀ ಮೋಠಂ ಕುಂಕೂ!" ಎಂದು ನಕ್ಕಳು. ಇಷ್ಟು ದೊಡ್ಡದಾಗಿ ನಾನು ಎಂದೂ ಇಟ್ಟುಕೊಂಡದ್ದಿಲ್ಲ. ಸಂಜೆ ಮುಖ ತೊಳೆಯಲು ಹೋದವಳು ತೊಳೆಯದೆ ಬಂದು ಕೂತಿದ್ದೇನೆ. ಕೋಣೆಗೆ ಹೋಗುವಾಗ ಒರೆಸಿಕೊಳ್ಳಲೇಬೇಕು, ನಿಯಮ ನಾನೇ ಮಾಡಿದ್ದು. ಪುಣ್ಯಕ್ಕೆ ನಾಳೆ ಭಾನುವಾರ, ನಾಡಿದ್ದು ದಸರಾ. ಎರಡು ದಿನ ರಜೆ ಇದೆ.